ಆಶ್ರಮದ ಕಾರಿಗೆ ಎಂಥ ಪೆಟ್ರೋಲು

ಹೊಳೆ ದಂಡೆಯಲ್ಲಿ ಒಂದು ಆಶ್ರಮ. ಅಲ್ಲೊಬ್ಬರು ಗುರುಗಳು. ಊರವರ ಬಾಯಲ್ಲಿ ಅವರು ಅಜ್ಜಯ್ಯ.

ಅವರ ಹತ್ತಿರ ಶಂಭುಲಿಂಗ ಅಂತ ಒಬ್ಬ ಶಿಷ್ಯ. ಓದಿದವನು, ಶ್ರದ್ಧೆಯವನು, ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳುವವನು. ಅನಾಹುತ ಮಾಡುವುದು ಇಂಥವರೇ, ಏನು ಹೇಳಲಿ.

ಭಕ್ತರೊಬ್ಬರು ಅಜ್ಜಯ್ಯನಿಗೆ ಹೊಸ ಕಾರು ಕೊಟ್ಟರು. ಹೈಬ್ರಿಡ್ ಕಾರು. ಸ್ವಲ್ಪ ಹೊತ್ತು ಬ್ಯಾಟರಿಯಲ್ಲಿ ಓಡುತ್ತೆ, ಆಮೇಲೆ ತಾನಾಗಿಯೇ ಪೆಟ್ರೋಲಿಗೆ ಬದಲಾಗುತ್ತೆ.

ಅಜ್ಜಯ್ಯ ಅದರೊಳಗೆ ಕಾಲಿಡಲಿಲ್ಲ. ಶಂಭುಲಿಂಗನನ್ನು ಕರೆದರು.

"ನನಗ್ಯಾಕಪ್ಪಾ ಕಾರು? ಅಂಬಿಗರ ದುರುಗಮ್ಮನಿಗೆ ಎರಡೂ ಕಿಡ್ನಿ ಹೋಗಿವೆ. ಡಯಾಲಿಸಿಸ್ಸಿಗೆ ಅಂತ ಪೇಟೆ ಆಸ್ಪತ್ರೆಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗ್ತಾಳೆ. ಇನ್ಮೇಲೆ ಅವಳನ್ನ ನೀನು ಕರಕೊಂಡು ಹೋಗು."

ಶಂಭುಲಿಂಗ ಖುಷಿಯಿಂದ ಒಪ್ಪಿಕೊಂಡ. ಕಾರಿಗೆ ಕುಂಕುಮ ಹಚ್ಚಿದ, ಹೂ ಮುಡಿಸಿದ. ಡ್ರೈವರ್ ಸೀಟಿನ ಮೇಲೆ ಮಡಿ ಬಟ್ಟೆ ಹಾಸಿದ. ಪೆಟ್ರೋಲ್ ಹಾಕಿಸಲು ಹೊರಟ.

ಹೋದವನು ಹಾಕಿಸದೆಯೇ ವಾಪಸ್ ಬಂದ. ಮುಖ ಕೆಂಪಗಾಗಿತ್ತು.

"ಅಜ್ಜಯ್ಯಾ, ಘೋರ ಅನ್ಯಾಯ! ನಮ್ಮೂರ ಬಂಕಿನ ಪೆಟ್ರೋಲಿಗೆ ಎಥೆನಾಲ್ ಬೆರೆಸಿದ್ದಾರೆ."

"ಹಾಗಂದರೆ ಏನಯ್ಯಾ?"

"ಮದ್ಯಸಾರ. ಹೆಂಡ ಅಂತಲೇ ಇಟ್ಟುಕೊಳ್ಳಿ. ಆಶ್ರಮದ ಕಾರಿಗೆ ಹೆಂಡ ಕುಡಿಸೋದಾ? ಜನ ಏನಂದಾರು?"

"ಕಾರು ಬಂತು ಅಂತಾರೆ."

"ತಮಾಷೆಯಲ್ಲ ಅಜ್ಜಯ್ಯಾ. ಪೇಟೆಯ ಆಚೆ ತುದಿಯ ಬಂಕಿನಲ್ಲಿ ಎಥೆನಾಲ್ ಇಲ್ಲದ ಪೆಟ್ರೋಲ್ ಸಿಗುತ್ತಂತೆ. ಎಲ್ಲಕ್ಕಿಂತ ಮೇಲಿನ ದರ್ಜೆಯದು. ರೇಸಿನ ಬೈಕುಗಳಿಗೆ ಹಾಕ್ತಾರಂತೆ. ಗುರುಗಳ ಕಾರಿಗೆ ಅದೇ ಸರಿ."

"ದುರುಗಮ್ಮ ರೇಸಿಗೆ ಹೋಗ್ತಾಳೇನು?"

ಶಂಭುಲಿಂಗ ನಗಲಿಲ್ಲ.

ಅಜ್ಜಯ್ಯ ಸಮಾಧಾನವಾಗಿ ಹೇಳಿದರು. "ನೋಡಪ್ಪಾ, ಪೆಟ್ರೋಲ್ ಹಾಕೋ ಕಡೆ ಒಂದು ಮುಚ್ಚಳ ಇದೆ. ಈ ಕಾರಿಗೆ ಎಂಥ ಪೆಟ್ರೋಲ್ ಹಾಕಬೇಕು ಅಂತ ಅದರ ಒಳಮೈಗೆ ಬರೆದು ಅಂಟಿಸಿರ್ತಾರೆ. ತೆಗೆದು ಓದು. ಅದನ್ನೇ ಹಾಕಿಸು."

ಶಂಭುಲಿಂಗ ಕಣ್ಣು ಮುಚ್ಚಿದ. ಕೈ ಜೋಡಿಸಿದ.

"ತಿಳಿಯಿತು ಅಜ್ಜಯ್ಯಾ. ದೇಹವೇ ಕಾರು. ಅಹಂಕಾರವೇ ಮುಚ್ಚಳ. ಅದನ್ನು ತೆರೆದು ಒಳಗೆ ನೋಡಿಕೋ ಅಂತ."

"ಅಯ್ಯೋ ನಿನ್ನ! ಕಾರು ಅಂದರೆ ಕಾರು ಕಣೋ. ಮುಚ್ಚಳ ಅಂದರೆ ಮುಚ್ಚಳ."

"ಆಹಾ!" ಅಂದ ಶಂಭುಲಿಂಗ. ಅದರಲ್ಲೂ ಅವನಿಗೆ ಇನ್ನೇನೋ ಗೂಢಾರ್ಥ ಕಂಡಿತ್ತು.

ನೋಡಿ, ಗುರುಗಳು ಒಗಟು ಹೇಳಿದರೆ ಎಲ್ಲರೂ ತಲೆದೂಗುತ್ತಾರೆ. ನೇರವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರೆ ಕೇಳುವ ಗಿರಾಕಿಯೇ ಇಲ್ಲ! ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತೆ. ಎದ್ದು ಹೋಗಿ ಒಂದು ಮುಚ್ಚಳ ತೆಗೆಯಲು ಆ ಮಹಾನುಭಾವನಿಗೆ ಏನು ರೋಗ ಬಂದಿತ್ತು?

ಅವನು ತೆಗೆಯಲಿಲ್ಲ. ಪ್ರತಿ ಸಲ ದುರುಗಮ್ಮನನ್ನು ಆಸ್ಪತ್ರೆಯಲ್ಲಿ ಇಳಿಸಿ, ಪೇಟೆ ದಾಟಿ ಹೋಗಿ, ಶುದ್ಧ ಪೆಟ್ರೋಲ್ ತುಂಬಿಸಿಕೊಂಡು ಬರುತ್ತಿದ್ದ. ಒಂದು ಸಲ ಆ ಬಂಕಿನಲ್ಲಿ ಸ್ಟಾಕ್ ಇರಲಿಲ್ಲ. ಬರಿಗೈಯಲ್ಲಿ ಬಂದ. ಮುಂದಿನ ಸಲ ಹಾಕಿಸಿದರಾಯಿತು ಅಂದುಕೊಂಡ.

ಮುಂದಿನ ಸಲ ಬಂತು. ಅವತ್ತು ಬೆಳಗ್ಗೆಯಿಂದಲೇ ದುರುಗಮ್ಮನಿಗೆ ಏದುಸಿರು. ಕಾಲು, ಮುಖ ಎಲ್ಲ ಬಾತುಕೊಂಡಿದ್ದವು. ಹಿಂದಿನ ಸೀಟಿನಲ್ಲಿ ಒರಗಲೂ ಆಗದೆ ಮುಂದಕ್ಕೆ ಬಾಗಿ ಕೂತಿದ್ದಳು. ಅವಳ ಗಂಡ ತಿಪ್ಪೇಶಪ್ಪ ಡ್ರೈವರ್ ಪಕ್ಕ ಕೂತಿದ್ದ.

"ಸ್ವಾಮೇರೆ, ಕೆಂಪು ದೀಪ ಹತ್ಕಂಡೈತೆ. ಅಗೋ ಬಂಕು ಬಂತು, ನಿಲ್ಸ್ರಿ" ಅಂದ ತಿಪ್ಪೇಶಪ್ಪ.

"ಇಲ್ಲಿ ಬೇಡ. ಇಲ್ಲಿನದು ಶುದ್ಧ ಅಲ್ಲ. ಪೇಟೆಯಲ್ಲಿ ಹಾಕಿಸೋಣ."

"ಅಲ್ಲೀತಂಕ ಹೋಗ್ತೈತಾ?"

"ಬ್ಯಾಟರಿ ಇದೆಯಲ್ಲಾ. ಕರೆಂಟು ಸಾತ್ವಿಕ. ಅದು ಕೈಬಿಡಲ್ಲ."

ಬಂಕು ಹಿಂದೆ ಉಳಿಯಿತು. ಪೆಟ್ರೋಲ್ ಮುಗಿಯಿತು. ಸಾತ್ವಿಕ ಕರೆಂಟು ಒಂದಿಷ್ಟು ದೂರ ಎಳೆದು ಅದೂ ಕೈಚೆಲ್ಲಿತು. ಸುತ್ತ ಬರೀ ಬಯಲು, ನೆತ್ತಿ ಸುಡುವ ಬಿಸಿಲು.

"ಯಾಕ್ ನಿಂತ್ಕಂತು?" ಅಂತ ಕೇಳಿದಳು ದುರುಗಮ್ಮ.

"ಪೆಟ್ರೋಲ್ ಇಲ್ಲ" ಅಂದ ತಿಪ್ಪೇಶಪ್ಪ.

"ಬಂಕು ಬಂದಿತ್ತಲ್ಲಾ?"

"ಅದ್ರಾಗೆ ಹೆಂಡ ಐತಂತೆ."

ದುರುಗಮ್ಮ ಏನೂ ಅನ್ನಲಿಲ್ಲ. ಅನ್ನುವುದಕ್ಕೆ ಉಸಿರು ಬೇಡವೇ?

ತಿಪ್ಪೇಶಪ್ಪ ರಸ್ತೆ ನಡುವೆ ಹೋಗಿ ಎರಡೂ ಕೈ ಅಗಲಿಸಿ ನಿಂತ. ಟೊಮೆಟೊ ಕ್ರೇಟು ಹೇರಿಕೊಂಡು ಬಂದ ಲಗೇಜ್ ಆಟೋ ನಿಂತಿತು. ಕ್ರೇಟು ಸರಿಸಿ, ಹೆಂಡತಿಯನ್ನು ಮಗುವಿನ ಹಾಗೆ ಎತ್ತಿ ಕೂರಿಸಿಕೊಂಡು ಹೋದ.

ಶಂಭುಲಿಂಗ ಏನು ಮಾಡಿದ ಗೊತ್ತಾ? ಯಾರದೋ ಬೈಕ್ ಹತ್ತಿ ಪೇಟೆಯ ಆಚೆ ತುದಿಗೆ ಹೋದ. ಅಂಗಲಾಚಿ ಒಂದು ಕ್ಯಾನಿಗೆ ಶುದ್ಧ ಪೆಟ್ರೋಲ್ ಹಾಕಿಸಿಕೊಂಡು ಬಂದ. ಆಸ್ಪತ್ರೆ ಆ ದಾರಿಯಲ್ಲೇ ಇತ್ತು, ಸ್ವಾಮಿ! ಒಳಗೆ ಹೋಗಿ ಆ ಹೆಂಗಸು ಇದ್ದಾಳೋ ಇಲ್ಲವೋ ಅಂತ ಕೇಳಲಿಲ್ಲ. ಛೀ!

ಮಧ್ಯಾಹ್ನದ ಮೇಲೆ ಕಾರು ಆಶ್ರಮಕ್ಕೆ ಬಂತು. ಅಜ್ಜಯ್ಯ ಬಾಗಿಲಲ್ಲೇ ನಿಂತಿದ್ದರು. ಅಷ್ಟರಲ್ಲಿ ತಿಪ್ಪೇಶಪ್ಪನ ಫೋನ್ ಬಂದಿತ್ತು. ತಡವಾಯಿತು ಅಂತ ದುರುಗಮ್ಮನ ಮೆಷಿನ್ ಬೇರೆಯವರಿಗೆ ಕೊಟ್ಟಿದ್ದರು. ಅವಳಿಗೆ ಆಕ್ಸಿಜನ್ ಹಾಕಿ ಕೂರಿಸಿದ್ದರು. ಸಂಜೆ ಮೆಷಿನ್ ಖಾಲಿಯಾಗುವವರೆಗೆ ತಡೆದರೆ ನೋಡೋಣ ಅಂದಿದ್ದರು ಡಾಕ್ಟರು.

ಶಂಭುಲಿಂಗ ಕೈ ಮುಗಿದ. "ಏನೇ ಬಂದರೂ ನಿಯಮ ಬಿಡಲಿಲ್ಲ ಅಜ್ಜಯ್ಯಾ. ಬೆರಕೆಯದು ಒಂದು ಹನಿಯೂ ಒಳಗೆ ಹೋಗಿಲ್ಲ."

"ದುರುಗಮ್ಮ ಹೇಗಿದ್ದಾಳೆ?"

"ಆಟೋದಲ್ಲಿ ಹೋದರು. ತಲುಪಿರಬೇಕು."

"ತಲುಪಿರಬೇಕು?"

ಅಜ್ಜಯ್ಯ ಕೂಗಿದ್ದನ್ನು ಆ ಆಶ್ರಮದಲ್ಲಿ ಅವತ್ತಿನವರೆಗೆ ಯಾರೂ ಕೇಳಿರಲಿಲ್ಲ. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಲೆಯೆತ್ತಿ ನೋಡಿದರು.

"ತಲುಪಿರಬೇಕು ಅಂತೀಯಲ್ಲೋ! ನಾನು ನಿನಗೆ ಒಪ್ಪಿಸಿದ್ದು ಕಾರನ್ನಾ, ಅವಳನ್ನಾ?"

ಅಜ್ಜಯ್ಯ ತಾವೇ ಬಾಗಿಲು ತೆಗೆದು ಕಾರಿನಲ್ಲಿ ಕೂತರು.

"ನಡಿ."

ಊರ ಬಂಕು ಬಂದಾಗ ನಿಲ್ಲಿಸು ಅಂದರು. ಇಳಿದು ಹೋಗಿ, ಪೆಟ್ರೋಲಿನ ಮುಚ್ಚಳ ತೆಗೆದರು.

"ಓದು."

ಶಂಭುಲಿಂಗ ಬಗ್ಗಿ, ತುಟಿಯಲ್ಲೇ ಓದಿಕೊಂಡ.

"ಗಟ್ಟಿಯಾಗಿ ಓದು."

"ಸಾಮಾನ್ಯ ಪೆಟ್ರೋಲ್ ಸಾಕು. ಎಥೆನಾಲ್ ಬೆರೆಸಿದ್ದನ್ನೂ ಹಾಕಬಹುದು."

"ಅಹಂಕಾರ, ದೇಹ, ಅದೆಲ್ಲ ಎಲ್ಲಿ ಬರೆದಿದೆ? ತೋರಿಸು."

ಶಂಭುಲಿಂಗನ ಕಿವಿ ಕೆಂಪಾದವು. ಆದರೂ ಬಿಡಲಿಲ್ಲ. "ಅದು ಸಾಕು ಅಂದರೂ, ಮೇಲಿನ ದರ್ಜೆಯದು ಹಾಕಿದರೆ ಕಾರಿಗೆ ಒಳ್ಳೆಯದಲ್ಲವಾ ಅಜ್ಜಯ್ಯಾ?"

"ಅದು ಕೇಳದೇ ಇದ್ದದ್ದನ್ನು ತಂದು ತಂದು ಸುರಿದೆ. ಕಾರಿಗೇನೂ ಲಾಭ ಆಗಲಿಲ್ಲ. ನೀನು ಮಾತ್ರ ಒಂದು ಗೇಣು ಉಬ್ಬಿದೆ. ತುಂಬಿಸು, ಹೊತ್ತಾಯಿತು."

ತುಂಬಿಸಿದರು. ಕಾರು ಒಂದು ಸಲವೂ ಕೆಮ್ಮದೆ ಹೊರಟಿತು.

ಬೆಳಗ್ಗೆ ಕಾರು ನಿಂತಿದ್ದ ಜಾಗ ದಾಟುವಾಗ ಶಂಭುಲಿಂಗ ಕೇಳಿದ.

"ಪ್ರಾಯಶ್ಚಿತ್ತ ಏನು ಅಜ್ಜಯ್ಯಾ? ಉಪವಾಸ ಇರಲಾ? ಮೌನ ಹಿಡಿಯಲಾ?"

"ಗಾಡಿ ಓಡಿಸು."

ಆಸ್ಪತ್ರೆ ಸೇರುವ ಹೊತ್ತಿಗೆ ಮೆಷಿನ್ ಆಗಷ್ಟೇ ಖಾಲಿಯಾಗಿತ್ತು. ದುರುಗಮ್ಮ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಕಣ್ಣು ಮುಚ್ಚಿತ್ತು, ತುಟಿ ಕಪ್ಪಿಟ್ಟಿತ್ತು. ಉಸಿರು ಎಳೆದಾಗಲೆಲ್ಲ ಕೊರಳಿನ ನರ ಉಬ್ಬುತ್ತಿತ್ತು.

ತಿಪ್ಪೇಶಪ್ಪ ಅವಳ ಪಾದ ಹಿಡಿದು ಕೂತಿದ್ದ. ಅಜ್ಜಯ್ಯನನ್ನು ಕಂಡು ಎದ್ದ. ಶಂಭುಲಿಂಗನನ್ನು ಕಂಡು ಅವನ ದವಡೆ ಬಿಗಿಯಿತು.

"ಕಾರಿನ ಮಡಿ ಕೆಟ್ಟಿಲ್ಲ ತಾನೇ ಸ್ವಾಮೇರೆ?" ಅಂದ.

ಶಂಭುಲಿಂಗನಿಗೆ ಎಲ್ಲಿ ನೋಡಬೇಕು ಅಂತ ತಿಳಿಯಲಿಲ್ಲ. ದುರುಗಮ್ಮನ ಕಡೆ ನೋಡಲು ಅವನಿಗೆ ಧೈರ್ಯ ಬರಲಿಲ್ಲ.

ನರ್ಸಮ್ಮ ಬಂದರು. ದುರುಗಮ್ಮನ ತೋಳಿನ ಬಟ್ಟೆ ಸರಿಸಿ, ಬಾಟಲಿಯಿಂದ ಹತ್ತಿಗೆ ಸ್ಪಿರಿಟ್ ಸುರಿದುಕೊಂಡು, ಸೂಜಿ ಚುಚ್ಚುವ ಜಾಗವನ್ನು ಒರೆಸತೊಡಗಿದರು. ವಾಸನೆ ಕೋಣೆಯೆಲ್ಲ ತುಂಬಿಕೊಂಡಿತು.

ಅಭ್ಯಾಸಬಲ ನೋಡಿ, ಶಂಭುಲಿಂಗ ಥಟ್ಟನೆ ಉತ್ತರೀಯ ಎಳೆದು ಮೂಗಿಗೆ ಹಿಡಿದ.

ಅಜ್ಜಯ್ಯ ಆ ಉತ್ತರೀಯವನ್ನು ಕಿತ್ತು ಕೆಳಗೆ ಹಾಕಿದರು. ಅವನ ರಟ್ಟೆ ಹಿಡಿದು ಮಂಚದ ಹತ್ತಿರಕ್ಕೆ ತಂದು ನಿಲ್ಲಿಸಿದರು.

"ಸುಮ್ಮನೆ ಯಾಕೆ ನಿಂತೆ? ಆ ನರ್ಸಮ್ಮನ ಕೈ ಹಿಡಿದು ತಡಿಯಯ್ಯಾ. ಆ ಸ್ಪಿರಿಟ್ಟೂ ಹೆಂಡವೇ."