ಎಡಗಾಲಿಗೆ ಕೆಲಸವಿಲ್ಲದ ಕಾರು

ಹೊಳೆದಂಡೆಯ ಆಶ್ರಮದಲ್ಲಿ ಇದ್ದದ್ದು ಇಬ್ಬರೇ. ಗುರು ಒಬ್ಬರು, ಶಿಷ್ಯ ಒಬ್ಬ. ಹೊಳೆಯನ್ನೂ ಸೇರಿಸಿದರೆ ಮೂವರು. ಆದರೆ ಅದು ಯಾವತ್ತೂ ಒಂದು ಕಡೆ ನಿಂತು ಮಾತಾಡಿದ್ದಿಲ್ಲ.

ಶಿಷ್ಯನ ಹೆಸರು ಅಡಿವೆಪ್ಪ. ಭಕ್ತರೊಬ್ಬರು ಕೊಟ್ಟುಹೋದ ಡೀಸೆಲ್ ಕಾರನ್ನು ಓಡಿಸುವುದು ಅವನ ಸೇವೆ. ಆಟೊಮ್ಯಾಟಿಕ್ ಕಾರು. ಗೇರು ತಾನೇ ಬೀಳುತ್ತದೆ, ಕ್ಲಚ್ಚೇ ಇಲ್ಲ. ಸನ್ಯಾಸಿಗಳಿಗೆ ತಕ್ಕ ಕಾರು, ಕೆಲವನ್ನು ಮೊದಲೇ ತ್ಯಾಗ ಮಾಡಿ ಬಂದಿತ್ತು.

ಡೀಸೆಲ್ ಮೋಹ ಮಾತ್ರ ಬಿಟ್ಟಿರಲಿಲ್ಲ. ಮದುವೆಯೂಟಕ್ಕೆ ಕೂತವರ ಹಾಗೆ ಕುಡಿಯುತ್ತಿತ್ತು.

ಅದಕ್ಕೊಂದು ಕಾರಣ ಅಡಿವೆಪ್ಪನಿಗೆ ಗೊತ್ತಿತ್ತು. ಸಂಜೆಯಾದರೆ ಆಶ್ರಮದ ಮೌನ ಅವನ ಎದೆಯ ಮೇಲೆ ಬಂದು ಕೂರುತ್ತಿತ್ತು. ಆಗ ಹೋಗಿ ಕಾರಿನಲ್ಲಿ ಕೂತು ಎಂಜಿನ್ ಚಾಲೂ ಮಾಡುತ್ತಿದ್ದ. ಎಲ್ಲಿಗೂ ಹೋಗುತ್ತಿರಲಿಲ್ಲ. ಯಾರೋ ಪಕ್ಕದಲ್ಲಿ ಗೊಣಗುತ್ತಾ ಕೂತ ಹಾಗಾಗುತ್ತಿತ್ತು. ಅಷ್ಟು ಸಾಕಿತ್ತು.

"ಯಾರ ಜೋಡಿ ಕುಂತೀಯೋ?" ಎಂದು ಗುರುಗಳು ಒಮ್ಮೆ ಕೇಳಿದ್ದರು.

"ಬ್ಯಾಟರಿ ಚಾರ್ಜ್ ಮಾಡಾಕತ್ತೀನ್ರಿ ಅಜ್ಜಾರ."

"ಯಾರದು?" ಎಂದು ಕೇಳಿ ಒಳಗೆ ಹೋಗಿದ್ದರು.

ಒಂದು ಮಧ್ಯಾಹ್ನ ಅಡಿವೆಪ್ಪನಿಗೆ ಫೋನು ಬಂತು. ಅವನ ಅಕ್ಕ ನೀಲಗಂಗವ್ವನ ನೆರೆಮನೆಯಾಕೆ.

"ನಿಮ್ಮಕ್ಕ ಸಂಜಿ ರೈಲಿಗೆ ಹೊಂಟಾಳಪ್ಪ. ಮಗಳ ಊರು ಸೂರತ್ತಿಗೆ. ಮನಿ ಖಾಲಿ ಮಾಡ್ಯಾಳ. ಇನ್ನ ಈ ಕಡೆ ಬರಂಗಿಲ್ಲ."

ತಾಯಿಯಿಲ್ಲದ ಅಡಿವೆಪ್ಪನನ್ನು ಸಾಕಿದವಳು ಆ ಅಕ್ಕ. ಭಾವ ತೀರಿಕೊಂಡಾಗ ಇವನು ಮಣ್ಣಿಗೆ ಹೋಗಿರಲಿಲ್ಲ. ಭಾವನ ಜೊತೆ ಜಗಳವಾಗಿತ್ತು, ಅದರ ಸೆಡವು. ಆಮೇಲೆ ನಾಚಿಕೆ. ಆಮೇಲೆ ಕಾವಿ. ವೈರಾಗ್ಯ ಬಂತೆಂದು ಎಲ್ಲರಿಗೂ ಹೇಳಿಕೊಂಡಿದ್ದ. ಎಲ್ಲರೂ ನಂಬಿದ್ದರು, ಗುರುಗಳೊಬ್ಬರನ್ನು ಬಿಟ್ಟು.

"ಅಜ್ಜಾರ, ಸ್ಟೇಷನ್ನಿಗೆ ಹೋಗಬೇಕ್ರಿ."

"ನಡಿ. ನಾನೂ ಬರ್ತೀನಿ."

ಬಸ್ಸು ಬೆಳಿಗ್ಗೆಯೇ ಹೋಗಿತ್ತು. ದಾರಿಯಲ್ಲಿದ್ದ ಒಂದೇ ಬಂಕಿಗೆ ಹಗ್ಗ ಕಟ್ಟಿ 'ಡೀಸೆಲ್ ಇಲ್ಲ' ಎಂದು ಬೋರ್ಡು ತೂಗುಬಿಟ್ಟಿದ್ದರು. ಕಾರಿನ ಟ್ಯಾಂಕಿನಲ್ಲಿದ್ದದ್ದು ತಳದ ಡೀಸೆಲ್. ಉಳಿದದ್ದನ್ನೆಲ್ಲ ಅವನ ಸಂಜೆಗಳು ಕುಡಿದಿದ್ದವು.

"ಮುಟ್ಟತೈತೇನೋ?"

"ಕಷ್ಟ ಐತ್ರಿ."

ಹೇಳಿದವನೇ ಆಕ್ಸಿಲರೇಟರ್ ತುಳಿದ. ಕಾರು ಜಿಗಿಯಿತು. ರಸ್ತೆ ನಡುವೆ ಎಮ್ಮೆ. ಬ್ರೇಕು. ಮತ್ತೆ ಜಿಗಿತ. ಗುರುಗಳ ರುದ್ರಾಕ್ಷಿ ಹೋಗಿ ಗಾಜಿಗೆ ಬಡಿಯಿತು.

"ಆ ಎಮ್ಮಿ ದೂರದಿಂದಾನ ಕಾಣಸ್ತಿತ್ತಲ್ಲೋ."

"ಹೌದ್ರಿ."

"ಮತ್ತ ಅದರ ಮುಂದ ಹೋಗಿ ನಿಲ್ಲಾಕ ಅಷ್ಟ್ಯಾಕ ಅವಸರ ಮಾಡಿದಿ?"

ಅಡಿವೆಪ್ಪ ಎಮ್ಮೆಯನ್ನು ಬಳಸಿಕೊಂಡು ಮುಂದೆ ಹೋದ. ಸ್ವಲ್ಪ ಹೊತ್ತಿಗೆ ಗುರುಗಳು ಬಗ್ಗಿ ಅವನ ಕಾಲ ಕಡೆ ನೋಡಿದರು.

"ಬಲಗಾಲು ಎಲ್ಲೈತಿ?"

"ಆಕ್ಸಿಲರೇಟರ್ ಮ್ಯಾಲ್ರಿ."

"ಎಡಗಾಲು?"

"ಬ್ರೇಕಿನ ಮ್ಯಾಲ್ರಿ."

"ಎರಡೂ ಒಮ್ಮಿಗೇ?"

"ಕ್ಲಚ್ಚಿಲ್ಲಲ್ರಿ ಅಜ್ಜಾರ. ಎಡಗಾಲಿಗೆ ಉದ್ಯೋಗ ಇಲ್ಲ. ಒಂಟಿ ಆಗತೈತಿ ಪಾಪ. ಅದಕ್ಕ ಹಗೂರಕ ಅಲ್ಲಿ ಇಟ್ಟಿರ್ತೀನ್ರಿ."

"ನಿಲ್ಲಸು."

ಗುರುಗಳು ಇಳಿದು ಸುತ್ತಿ ಬಂದರು. ಅವನ ಕಡೆಯ ಬಾಗಿಲು ತೆಗೆದರು. ಮಲಗಿದ ಕೂಸನ್ನು ಸರಿಸುವ ಹಾಗೆ ಅವನ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟರು.

ಅಡಿವೆಪ್ಪ ಕೆಂಡ ತುಳಿದವನಂತೆ ಹಾರಿಬಿದ್ದ.

"ಅಜ್ಜಾರ! ನೀವು ನನ್ನ ಕಾಲು ಮುಟ್ಟೂದೇನ್ರಿ!"

"ಅಕ್ಕನ ಕಡೆ ಹೋಗಬೇಕಂತೀ. ಹೋಗಬಾರದಂತಾನೂ ಅಂತೀ. ಕಾಲಿಗೇನು ಬೈಯೂದು?"

ಬಾಗಿಲು ಹಾಕಿ, ತಮ್ಮ ಜಾಗಕ್ಕೆ ಹೋಗಿ ಕೂತರು.

ಆಮೇಲೆ ಒಂದೇ ಕಾಲು. ಮೆಲ್ಲಗೆ ಒತ್ತಿದ, ಇಳಿಜಾರು ಬಂದಲ್ಲಿ ಪೂರಾ ಬಿಟ್ಟ. ಎಂಜಿನ್ನು ಕೂಗಾಡುವುದನ್ನು ನಿಲ್ಲಿಸಿತು. ಗೇರುಗಳು ಒಂದರ ಹಿಂದೊಂದು ಸದ್ದಿಲ್ಲದೆ ಬಿದ್ದವು. ಕೆಲಸವಿಲ್ಲದ ಎಡಗಾಲು ಪಕ್ಕದಲ್ಲಿ ಸುಮ್ಮನೆ ಕೂತಿತ್ತು, ಕರೆಯದ ಮನೆಗೆ ಬಂದ ನೆಂಟನ ಹಾಗೆ.

"ದೀಪ ಹತ್ತೇತ್ರಿ ಅಜ್ಜಾರ. ಡೀಸೆಲ್ ಮುಗೀಲಿಕ್ಕೆ ಬಂತು."

"ಹತ್ತಲಿ. ನೀ ದಾರಿ ನೋಡು."

ರೈಲ್ವೆ ಗೇಟು ಹಾಕಿತ್ತು. ಅಡಿವೆಪ್ಪ ನಿಂತ, ಎಂಜಿನ್ ಓಡುತ್ತಲೇ ಇತ್ತು. ಗುರುಗಳು ಕೈ ಚಾಚಿ ಕೀಲಿ ತಿರುಗಿಸಿ ಆರಿಸಿದರು.

ಸುತ್ತ ಖಾಲಿ ಹೊಲ. ಒಂದು ಹಕ್ಕಿಯೂ ಕೂಗಲಿಲ್ಲ. ಯಾವ ಸಂಜೆಯೂ ಅವನಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ.

"ಅಜ್ಜಾರ," ಅಂದ. "ಅಕ್ಕ ಮಾತಾಡದಿದ್ರ?"

"ಈ ಮಾತು ಕೇಳಸಬಾರದಂತ ದಿನಾ ಎಂಜಿನ್ ಹಚ್ಚತಿದ್ದಿಯೇನು?"

ಗೂಡ್ಸ್ ಗಾಡಿಯೊಂದು ಹಾದುಹೋಯಿತು. ಗೇಟು ತೆಗೆಯಿತು.

ಸ್ಟೇಷನ್ನಿನ ಬೇವಿನ ಮರದ ಕೆಳಗೆ ಕಾರು ನಿಂತಿತು. ಡೀಸೆಲ್ ತೋರಿಸುವ ಮುಳ್ಳು ಕೆಳಗಿನ ಗೆರೆಗಿಂತಲೂ ಕೆಳಗೆ ಮಲಗಿತ್ತು.

ಬೇಲಿಯಾಚೆ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ನೀಲಗಂಗವ್ವ ಒಬ್ಬಳೇ ಕೂತಿದ್ದಳು. ಕಾಲ ಬಳಿ ಟ್ರಂಕು, ಪಕ್ಕದಲ್ಲೊಂದು ಗಂಟು. ಕೂದಲು ಪೂರಾ ಬೆಳ್ಳಗಾಗಿತ್ತು. ಅಷ್ಟು ಬೆಳ್ಳಗಾಗುವಾಗ ತಾನೆಲ್ಲಿದ್ದೆ ಎಂದು ಅಡಿವೆಪ್ಪನಿಗೆ ಅನ್ನಿಸಿತು.

ಅವಳು ಕಾರನ್ನು ನೋಡಿದಳು. ಇಳಿಯದೆ ಕೂತವನನ್ನು ನೋಡಿದಳು. ಮುಖ ತಿರುಗಿಸಿದಳು. ಆಮೇಲೆ, ಇವನ ಕಡೆ ನೋಡದೆಯೇ, ಬೆಂಚಿನ ಮೇಲಿದ್ದ ಗಂಟನ್ನು ಎತ್ತಿ ಕೆಳಗಿಟ್ಟಳು.

ಬೆಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು.

ಅಡಿವೆಪ್ಪ ಸ್ಟೇರಿಂಗ್ ಬಿಡಲಿಲ್ಲ.

"ಅಜ್ಜಾರ, ತಿರುಗಿ ಹೋಗಾಕ ಒಂದು ಹನಿ ಡೀಸೆಲ್ಲೂ ಉಳಿದಿಲ್ಲಲ್ರಿ."

"ತಿರುಗಿ ಹೋಗಾಕಂತ ಉಳಿಸಿದ್ದರ," ಅಂದರು ಗುರುಗಳು, "ನೀ ಇಲ್ಲಿತನಕ ಬರ್ತಿರಲಿಲ್ಲ."