ಸಂಪಿಗೆಗೆ ಗೆದ್ದಲು ಹತ್ತಿದ್ದು

"ಗುರುಗಳೇ, ಮರುಳಸಿದ್ಧ ಈ ಮಠಕ್ಕೆ ಬಂದದ್ದು ನನಗಿಂತ ಆರು ವರ್ಷ ತಡವಾಗಿ. ಈಗ ಅವನು ಓದಿನಲ್ಲಿ ನನ್ನನ್ನು ದಾಟಿ ಹೋಗಿದ್ದಾನೆ. ಅವನು ಓದಲು ಕುಳಿತರೆ ನನ್ನ ಹೊಟ್ಟೆಯಲ್ಲಿ ಕಿಚ್ಚು ಏಳುತ್ತದೆ. ಆದರೆ ಅವನಿಗೆ ನಾನು ಯಾವ ಕೇಡನ್ನೂ ಮಾಡಿಲ್ಲ. ಇದರಿಂದ ಯಾರಿಗೇನು ನಷ್ಟ?" ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ಹೇಳಿದರು:

ಒಬ್ಬ ದೊರೆಯ ಉದ್ಯಾನವನ್ನು ಒಬ್ಬ ಮಾಲಿ ಇಪ್ಪತ್ತು ವರ್ಷ ನೋಡಿಕೊಂಡ. ಹುಲ್ಲುಹಾಸು, ಹೂಗಿಡ, ಮರ ಎಲ್ಲವೂ ಅವನ ಕೈಯಲ್ಲಿ ನಳನಳಿಸಿದವು. ಅಲ್ಲಿ ದೊರೆಯ ತಾಯಿ ನೆಟ್ಟ ಒಂದು ಸಂಪಿಗೆ ಮರವಿತ್ತು. ಅದರ ಮೊದಲ ಹೂವನ್ನು ಪ್ರತಿವರ್ಷ ಮಾಲಿಯೇ ಒಯ್ದು ದೊರೆಗೆ ಕೊಡುತ್ತಿದ್ದ. ಅವನಿಗೆ ವಯಸ್ಸಾಯಿತೆಂದು ದೊರೆ ಉದ್ಯಾನದ ಅರ್ಧವನ್ನು ಒಬ್ಬ ಹೆಂಗಸಿಗೆ ವಹಿಸಿದ. ಸಂಪಿಗೆ ಮಾಲಿಯ ಪಾಲಿನಲ್ಲೇ ಉಳಿಯಿತು. ಎರಡು ಪಾಲಿನ ನಡುವೆ ಗಿಡದ ಬೇಲಿ ಬಂತು.

ಬೇಸಿಗೆಯಲ್ಲಿ ಆಕೆ ಬೆಳಕು ಹರಿಯುವ ಮೊದಲೇ ನೀರು ಹನಿಸಿದಳು. ಹುಲ್ಲು ಬಾಡಲಿಲ್ಲ. ದೊರೆ ಆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದದ್ದನ್ನು ಮಾಲಿ ಬೇಲಿಯ ಸಂದಿಯಿಂದ ಕಂಡ. ಅಂದು ಅವನಿಗೆ ಊಟ ಸೇರಲಿಲ್ಲ. ಮರುದಿನದಿಂದ ಕುಡುಗೋಲು ಈಚೆ ಆಡಿದರೂ ಕಣ್ಣು ಆಚೆಯೇ ಇರುತ್ತಿತ್ತು. ಮಳೆಗಾಲದಲ್ಲಿ ಆಕೆ ದಾಸವಾಳ ಸವರಿದಳು. ಎಷ್ಟು ರೆಂಬೆ ಕಡಿದಳು, ಯಾವ ಗೊಬ್ಬರ ಹಾಕಿದಳು, ಎಷ್ಟನೆಯ ದಿನ ಚಿಗುರು ಬಂತು, ಎಲ್ಲವೂ ಅವನಿಗೆ ಗೊತ್ತಿತ್ತು. ಅಲ್ಲಿ ಒಂದು ಗಿಡ ಒಣಗಿದರೆ ಅವನಿಗೆ ಹಬ್ಬ. ಒಣಗುತ್ತಿದ್ದುದು ಅಪರೂಪ.

ಚಳಿಗಾಲದಲ್ಲಿ ಒಂದು ದಿನ ಆಕೆ ಬೇಲಿಯ ಬಳಿ ಬಂದು, "ಅಣ್ಣಾ, ನಿಮ್ಮ ಸಂಪಿಗೆಯ ಬುಡಕ್ಕೆ ಗೆದ್ದಲು ಮಣ್ಣು ಮೆತ್ತಿದೆ, ಒಮ್ಮೆ ನೋಡಿ" ಎಂದಳು.

"ನನ್ನ ಮರದ ಚಿಂತೆ ನಿನಗೆ ಬೇಡಮ್ಮ. ನಿನ್ನ ಪಾಲು ನೀನು ನೋಡಿಕೋ."

ಇದರ ಮೇಲೂ ಇವಳ ಕಣ್ಣು ಬಿತ್ತಲ್ಲ ಎಂದು ಅವನ ಮೈ ಉರಿಯಿತು. ಹಟಕ್ಕೆ ಬಿದ್ದು ಅವನು ಮರದ ಹತ್ತಿರವೂ ಹೋಗಲಿಲ್ಲ.

ಸಂಪಿಗೆಯ ಕಾಲ ಬಂತು, ಹೂ ಬಿಡಲಿಲ್ಲ. ಮುಂಗಾರಿನ ಮೊದಲ ಗಾಳಿಗೆ ಮರ ಬುಡ ಮುರಿದು ಬಿತ್ತು. ಒಳಗೆಲ್ಲ ಟೊಳ್ಳಾಗಿತ್ತು. ದೊರೆ ಬಂದು ತಾಯಿ ನೆಟ್ಟ ಮರದ ಟೊಳ್ಳಿನಲ್ಲಿ ಕೈಯಾಡಿಸಿ ನೋಡಿದ. ಆಮೇಲೆ, "ಇದಕ್ಕೆ ಗೆದ್ದಲು ಹತ್ತಿದ್ದು ಯಾವಾಗ?" ಎಂದು ಕೇಳಿದ.

ಮಾಲಿ ಬಾಯಿ ತೆರೆದ. ಬೇಲಿಯಾಚೆಯ ದಾಸವಾಳ ಚಿಗುರಿದ ದಿನ ಅವನ ನಾಲಗೆಯ ತುದಿಯಲ್ಲಿತ್ತು. ತನ್ನ ಮರಕ್ಕೆ ಗೆದ್ದಲು ಹತ್ತಿದ ದಿನ ಅವನಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಆಕೆ, ತಾನು ಎಚ್ಚರಿಸಿದ್ದೆ ಎಂದು ಹೇಳಲಿಲ್ಲ. ಅದನ್ನೂ ಅವನಿಂದ ಸಹಿಸಲಾಗಲಿಲ್ಲ. ಕುಡುಗೋಲನ್ನು ನೆಲಕ್ಕಿಟ್ಟು ಉದ್ಯಾನ ಬಿಟ್ಟು ನಡೆದ.

ಗುರುಗಳು ಕತೆ ನಿಲ್ಲಿಸಿ ಶಿಷ್ಯನ ಕಡೆ ತಿರುಗಿದರು.

"ಚನ್ನವೀರ, ಇಂದು ಬೆಳಿಗ್ಗೆ ನೀನು ಓದಿದ್ದೇನು, ಹೇಳು."

ಚನ್ನವೀರನಿಗೆ ನೆನಪಾದದ್ದು ಮರುಳಸಿದ್ಧ ಓದಿದ ಪುಟ ಮಾತ್ರ.