ಬ್ರೇಕಿಗೆ ಎಣ್ಣೆ ಹಾಕಿದವನು

“ಬುದ್ಧೀ, ಹಾಲಮ್ಮನನ್ನು ಹೊಳೆಯಾಚೆಯ ಶಾಖಾಮಠಕ್ಕೆ ಕಳಿಸಿಬಿಟ್ಟರೆ ಆಗದೇ?” ಎಂದು ಶಿಷ್ಯ ಗುರುಶಾಂತಯ್ಯ ಕೇಳಿದ.

ಹಾಲಮ್ಮ ಆ ಮಠದ ಅಡುಗೆಯವಳು. ಇಪ್ಪತ್ತು ವರ್ಷದಿಂದ ದಾಸೋಹದ ಒಲೆ ಅವಳ ಕೈಯಲ್ಲಿತ್ತು. ಮಠ ಬಿಟ್ಟರೆ ಅವಳಿಗೆ ಬೇರೆ ಮನೆ ಇರಲಿಲ್ಲ. ಆ ದಿನ ಬೆಳಿಗ್ಗೆ ಗುರುಗಳು ಭಕ್ತರನ್ನು ಕೂರಿಸಿಕೊಂಡು, ಮಠಕ್ಕೊಂದು ಕಲ್ಲಿನ ಹೆಬ್ಬಾಗಿಲು ಕಟ್ಟಿಸುವ ಮಾತು ಎತ್ತಿದ್ದರು. ಎಲ್ಲರೂ ತಲೆಯಾಡಿಸಿದ್ದರು. ಹಾಲಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದು, “ಮಕ್ಕಳು ಮಲಗೋ ಕೋಣೆ ಸೋರ್ತೈತೆ, ನಿಮಗೆ ಹೆಬ್ಬಾಗಿಲು ಬೇಕಾ?” ಎಂದಿದ್ದಳು. ಗುರುಗಳು ಹೆಬ್ಬಾಗಿಲಿನ ಮಾತನ್ನು ಅಲ್ಲಿಗೇ ಬಿಟ್ಟಿದ್ದರು.

“ಅವಳು ಕೆಟ್ಟವಳಲ್ಲ ಬುದ್ಧಿ. ಆದರೆ ನಾಲಗೆ ಒರಟು. ನಾಲ್ಕು ಜನರ ಮುಂದೆ ತಮಗೇ ಎದುರಾಡಿದರೆ ಮಠದ ಮರ್ಯಾದೆ ಏನಾಗಬೇಕು? ತಾವು ಹೂಂ ಅನ್ನಿ, ನಾಳೆಯೇ ಬಸ್ಸು ಹತ್ತಿಸುತ್ತೇನೆ,” ಎಂದ ಗುರುಶಾಂತಯ್ಯ.

ಗುರುಗಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. “ಕೂತುಕೋ. ನಿಂತುಕೊಂಡು ಕೇಳುವ ಕತೆಯಲ್ಲ ಇದು,” ಎಂದರು. ಅವರು ಹೇಳಿದ ಕತೆ ಹೀಗಿತ್ತು.

ಒಂದೂರಿನಲ್ಲಿ ಒಬ್ಬ ಮೊಟ್ಟೆ ವ್ಯಾಪಾರಿ ಇದ್ದ. ಮುಖ ಸಿಂಡರಿಸಬೇಡವೋ. ನಿನಗೆ ತಿನ್ನು ಅನ್ನುತ್ತಿಲ್ಲ, ಕೇಳು ಅನ್ನುತ್ತಿದ್ದೇನೆ. ಅವನು ಮೊಟ್ಟೆಗಳನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿ ಮಾರುತ್ತಿದ್ದ. ಗಾಡಿ ಎಂದರೆ ಎತ್ತಿನ ಗಾಡಿಯಲ್ಲ, ಮೋಟಾರು ಸೈಕಲ್ಲು. ಸ್ವಾಮಿಗಳಿಗೆ ಇದೆಲ್ಲ ಹೇಗೆ ಗೊತ್ತು ಎಂದು ನೋಡಬೇಡ. ಪೂರ್ವಾಶ್ರಮದ ಮಾತು ಆಡಬಾರದು, ಆದರೆ ನಮ್ಮ ಸೋದರಮಾವನದು ಗ್ಯಾರೇಜು. ಎಂಟು ವರ್ಷ ಅಲ್ಲೇ ಸ್ಪ್ಯಾನರ್ ಹಿಡಿದವನು ನಾನು.

ವ್ಯಾಪಾರಿ ಒಳ್ಳೆಯವನು. ಗಾಡಿಯ ಮೇಲೆ ಅವನಿಗೆ ಬಹಳ ಪ್ರೀತಿ. ಒಂದು ದಿನ ಅದರ ಚೈನು ಕಟಕಟ ಎನ್ನತೊಡಗಿತು. ಏರು ಹತ್ತುವಾಗ ಹಲ್ಲು ತಪ್ಪಿ ಜಾರುತ್ತಿತ್ತು. ಪರಿಚಯದ ಮೆಕ್ಯಾನಿಕ್ ಒಬ್ಬ ಇದ್ದ. ಅವನ ಬಳಿ ಒಯ್ದ.

ಮೆಕ್ಯಾನಿಕ್ ಕೂತು ನೋಡಿದ. ಚೈನು ಸವೆದು ಉದ್ದವಾಗಿತ್ತು. ಅದು ಹಾದುಹೋಗುವ ಹಲ್ಲಿನ ಚಕ್ರಗಳು, ಮುಂದೆ ಒಂದು ಹಿಂದೆ ಒಂದು, ಅವುಗಳ ಹಲ್ಲೂ ಕೊಕ್ಕೆಯಂತೆ ಬಾಗಿದ್ದವು. ವ್ಯಾಪಾರಿ, ಚೈನೊಂದು ಬದಲಾಯಿಸಿ ಸಾಕು, ಚಕ್ರಕ್ಕೆ ಇನ್ನೂ ಹಲ್ಲಿದೆಯಲ್ಲ ಎಂದ. ಮೆಕ್ಯಾನಿಕ್ ಒಪ್ಪಲಿಲ್ಲ. ಹಳೆಯ ಹಲ್ಲಿಗೆ ಹೊಸ ಚೈನು ಹಾಕಿದರೆ ಮೂರು ತಿಂಗಳಲ್ಲಿ ಅದನ್ನೂ ತಿಂದುಹಾಕುತ್ತದೆ, ಹಾಕಿದರೆ ಮೂರೂ ಹೊಸದು ಹಾಕಬೇಕು ಎಂದ. ಮೂರನ್ನೂ ಬದಲಾಯಿಸಿದರು.

ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಮೆಕ್ಯಾನಿಕ್ ಎರಡು ಮಾತು ಹೇಳಿದ. ಒಂದು, ಹೊಸ ಚೈನಿಗೆ ವಾರಕ್ಕೊಮ್ಮೆ ತಪ್ಪದೆ ಎಣ್ಣೆ ಕಾಣಿಸು. ಇನ್ನೊಂದು, ಮುಂದಿನ ಬ್ರೇಕಿನ ಪ್ಯಾಡು ತೆಳುವಾಗಿದೆ, ಇನ್ನು ಒಂದು ತಿಂಗಳು ಬಂದರೆ ಹೆಚ್ಚು, ಅದು ಕೂಗಲು ಶುರುಮಾಡಿದ ದಿನ ಬಂದುಬಿಡು. ಆದರೆ ಎರಡನೆಯ ಮಾತು ಹೇಳುವ ಹೊತ್ತಿಗೆ ವ್ಯಾಪಾರಿ ಗಾಡಿ ಸ್ಟಾರ್ಟ್ ಮಾಡಿದ್ದ. ಚೈನು ಎಷ್ಟು ಮೆತ್ತಗೆ ತಿರುಗುತ್ತಿದೆ ಎಂದು ಬಗ್ಗಿ ನೋಡುತ್ತಿದ್ದ. ನಮಗೆ ಖುಷಿಯಾದಾಗ ಕಿವಿ ಅರ್ಧ ಮುಚ್ಚಿರುತ್ತದೆ ಕಣಪ್ಪ.

ಅಂದಿನಿಂದ ವ್ಯಾಪಾರಿ ಪ್ರತಿ ಸೋಮವಾರ ಚೈನು ಒರೆಸಿ ಎಣ್ಣೆ ಹಾಕಿದ. ಬಾಣಂತಿ ಕೂಸಿಗೆ ಎಣ್ಣೆ ತಿಕ್ಕುವ ಹಾಗೆ ಹಾಕಿದ. “ನನ್ನ ತಲೆಗೆ ಒಂದು ದಿನ ಇಷ್ಟು ಎಣ್ಣೆ ಹಚ್ಚಿದ್ರಾ?” ಎಂದು ಅವನ ಹೆಂಡತಿ ರೇಗಿಸುತ್ತಿದ್ದಳು. ಅವನು ನಗುತ್ತಿದ್ದ. ಗಾಡಿಯಲ್ಲಿ ಒಂದು ಸದ್ದಿಲ್ಲ. ಎಣ್ಣೆ ಎಂಥ ದೊಡ್ಡ ವಸ್ತು, ಅದೊಂದಿದ್ದರೆ ಯಾವ ಸದ್ದೂ ನಿಲ್ಲುತ್ತದೆ ಎಂದು ಅವನಿಗೆ ನಂಬಿಕೆ ಬಂದುಬಿಟ್ಟಿತು.

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಮುಂದಿನ ಬ್ರೇಕ್ ಹಿಡಿದ. ಕೀ ಎಂದು ಕೂಗಿತು. ಅಯ್ಯೋ, ಅದೇನು ಕೂಗು! ಬೀದಿಯ ನಾಯಿಗಳೆಲ್ಲ ಎದ್ದು ಬೊಗಳಿದವು. ಎರಡು ದಿನ ಕಳೆಯುವಷ್ಟರಲ್ಲಿ ಹಳ್ಳಿಯ ಹೆಂಗಸರಿಗೆ ಹಾರ್ನ್ ಬೇಕಾಗಲಿಲ್ಲ. ಕೂಗು ಕೇಳಿದರೆ ಸಾಕು, ಮೊಟ್ಟೆಯವನು ಬಂದ ಎಂದು ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದರು. ಬಂದು ನಗುತ್ತಿದ್ದರು. ವ್ಯಾಪಾರಿಗೆ ನಾಚಿಕೆಯಾಯಿತು.

“ರೀ, ಅದೇನೋ ಹೇಳ್ತಾ ಇದೆ. ಗ್ಯಾರೇಜಿಗೆ ತೋರಿಸಬಾರದಾ?” ಎಂದಳು ಹೆಂಡತಿ.

“ಅದು ಹೇಳೋದೇನಿದೆ ಮಣ್ಣು? ಒಣಗಿದೆ. ಎಣ್ಣೆ ಬಿದ್ದರೆ ತಾನೇ ಬಾಯಿ ಮುಚ್ಚುತ್ತೆ,” ಎಂದ ಅವನು.

ನಿನಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಮುಂದಿನ ಚಕ್ರದ ಪಕ್ಕದಲ್ಲಿ ಒಂದು ಉಕ್ಕಿನ ತಟ್ಟೆ ಇರುತ್ತದೆ. ಬ್ರೇಕ್ ಹಿಡಿದಾಗ ಎರಡು ಸಣ್ಣ ಬಿಲ್ಲೆಗಳು ಆ ತಟ್ಟೆಯನ್ನು ಎರಡೂ ಕಡೆಯಿಂದ ಒತ್ತುತ್ತವೆ. ಅವೇ ಪ್ಯಾಡು. ಅವು ಒರಟಾಗಿ ಉಜ್ಜುವುದರಿಂದಲೇ ಚಕ್ರ ನಿಲ್ಲುವುದು. ನಮ್ಮ ವ್ಯಾಪಾರಿ ಸೋಮವಾರದ ಎಣ್ಣೆಯ ಬಾಟಲಿಯನ್ನು ತಂದು, ಆ ತಟ್ಟೆಗೂ ಬಿಲ್ಲೆಗೂ ನಡುವಿನ ಸಂದಿಯಲ್ಲಿ ಇಳಿಯುವ ಹಾಗೆ ಚೆನ್ನಾಗಿ ಬಿಟ್ಟ. ಬಟ್ಟೆಯಿಂದ ಸವರಿದ. ಮಾಡಿದ್ದು ಪ್ರೀತಿಯಿಂದಲೇ, ಅದರಲ್ಲಿ ಸಂಶಯವಿಲ್ಲ.

ಕೂಗು ನಿಂತಿತು. ಸಂಜೆ ಊರಿನ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದ. ಬ್ರೇಕ್ ಹಿಡಿದರೆ ಸ್ವಲ್ಪ ಜಾರಿದ ಹಾಗಾಗುತ್ತಿತ್ತು. “ನೋಡು, ಎಷ್ಟು ಮೆತ್ತಗಾಗಿದೆ!” ಎಂದು ಹೆಂಡತಿಗೆ ತೋರಿಸಿ ಖುಷಿಪಟ್ಟ. ಆ ದಿನ ಅವನಷ್ಟು ಸುಖಿ ಆ ಊರಿನಲ್ಲಿ ಇನ್ನೊಬ್ಬನಿರಲಿಲ್ಲ.

ಮಾರನೆಯ ದಿನ ಹೆಂಡತಿಯ ತಂಗಿಗೆ ಹೆರಿಗೆಯಾದ ಸುದ್ದಿ ಬಂತು. ಗಂಡುಮಗು. ಇಬ್ಬರೂ ನೋಡಲು ಹೊರಟರು. ಬಾಣಂತಿಗೆಂದು ಮೂವತ್ತು ಮೊಟ್ಟೆಯ ಒಂದು ಟ್ರೇ ಕಟ್ಟಿಸಿಕೊಂಡು ಹೆಂಡತಿ ತೊಡೆಯ ಮೇಲೆ ಇಟ್ಟುಕೊಂಡಳು. ಆ ಊರಿಗೆ ಹೋಗಲು ಒಂದು ಗುಡ್ಡ ಹತ್ತಿ ಇಳಿಯಬೇಕು. ಇಳಿಜಾರು ಮುಗಿಯುವಲ್ಲಿ ರಸ್ತೆ ಎಡಕ್ಕೆ ತಿರುಗುತ್ತದೆ. ತಿರುಗದೆ ನೇರ ಹೋದರೆ ನಾಲೆ. ನಾಲೆ ತುಂಬಿ ಹರಿಯುತ್ತಿತ್ತು, ತಡೆಗೋಡೆ ಇರಲಿಲ್ಲ.

ಏರು ಸುಖವಾಗಿ ಹತ್ತಿದರು. ಹೊಸ ಚೈನು, ಹೊಸ ಹಲ್ಲು, ಗಾಡಿ ಹೂವಿನ ಹಾಗೆ ಹೋಯಿತು. ತುದಿಯಿಂದ ಇಳಿಯತೊಡಗಿದರು. ವ್ಯಾಪಾರಿ ಮುಂದಿನ ಬ್ರೇಕ್ ಹಿಡಿದ. ಸದ್ದಿಲ್ಲ. ಗಾಡಿಯೂ ನಿಲ್ಲಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದ. ಗಾಡಿ ಓಡುತ್ತಲೇ ಇತ್ತು. ಹಿಂದಿನ ಬ್ರೇಕ್ ತುಳಿದ. ಇಬ್ಬರು ಕೂತ ಗಾಡಿ, ಆ ಇಳಿಜಾರು, ಅದೊಂದೇ ಎಷ್ಟೆಂದು ತಡೆದೀತು? ಹಿಂದಿನ ಚಕ್ರ ಅಡ್ಡಡ್ಡ ಎಳೆಯತೊಡಗಿತು.

“ನಿಧಾನ ರೀ,” ಎಂದಳು ಹೆಂಡತಿ. ಸ್ವಲ್ಪ ಹೊತ್ತಿಗೆ “ರೀ!” ಎಂದಳು. ಆಮೇಲೆ ಒಂದು ಕೈಯಲ್ಲಿ ಟ್ರೇ ಅವುಚಿಕೊಂಡು ಇನ್ನೊಂದು ಕೈಯಲ್ಲಿ ಅವನ ಅಂಗಿ ಹಿಡಿದಳು.

ಕೆಳಗೆ ನೀರು ಕಾಣಿಸಿತು. ಅವನಿಗೆ ತನ್ನ ಜೀವದ ಯೋಚನೆ ಬರಲಿಲ್ಲ. ಬೆನ್ನಿಗೆ ಅಂಟಿಕೊಂಡ ಆ ಕೈಯೊಂದೇ ತಿಳಿಯುತ್ತಿತ್ತು. ಅಯ್ಯೋ, ನನ್ನ ಕೈಯಾರೆ ಇವಳನ್ನು ಕೊಂದೆನಲ್ಲ ಎಂದು ಅವನು ಒಳಗೇ ಅತ್ತ.

ಆ ತಿರುವಿನ ಮೊದಲು ರೈತನೊಬ್ಬ ಹುರುಳಿ ಕಿತ್ತು ತಂದು ರಸ್ತೆಗೆ ಹರಡಿದ್ದ. ಬಸ್ಸು ಲಾರಿ ಹರಿದು ಕಾಳು ಉದುರಲಿ ಎಂದು ಹಾಕುತ್ತಾರಲ್ಲ, ಹಾಗೆ. ಉದುರಿದ ಮೇಲೆ ಸೊಪ್ಪನ್ನು ಬಾಚಿ ಪಕ್ಕದಲ್ಲಿ ಆಳೆತ್ತರ ಒಟ್ಟಿದ್ದ. ಹೀಗೆ ಹರಡುವ ರೈತರಿಗೆ ವ್ಯಾಪಾರಿ ಬೈಯದ ದಿನವಿಲ್ಲ, ರಸ್ತೆ ಏನು ನಿಮ್ಮಪ್ಪನ ಕಣವೇ ಎಂದು. ಈಗ ಹ್ಯಾಂಡಲ್ ಅನ್ನು ಆ ಬಣವೆಗೇ ತಿರುಗಿಸಿದ. ಗಾಡಿ, ಗಂಡ, ಹೆಂಡತಿ, ಮೂವತ್ತು ಮೊಟ್ಟೆ ಎಲ್ಲ ಒಟ್ಟಿಗೆ ಹೋಗಿ ಹುರುಳಿ ಸೊಪ್ಪಿನೊಳಗೆ ಹೂತುಹೋದವು.

ವ್ಯಾಪಾರಿ ಎದ್ದು ಹುಚ್ಚನ ಹಾಗೆ ಸೊಪ್ಪು ಕೆದಕಿದ. ಹೆಂಡತಿ ಕೂತೇ ಇದ್ದಳು. ಮೊಣಕೈ ತರಚಿತ್ತು, ಅಷ್ಟೇ. ಒಡೆದ ಮೊಟ್ಟೆ ತಲೆಯಿಂದ ಕೆನ್ನೆಗೆ ಇಳಿಯುತ್ತಿತ್ತು. “ಬಾಣಂತಿಗೆ ಅಂತ ತಂದದ್ದು ನನ್ನ ತಲೆಗೇ ಆಯ್ತಲ್ರೀ,” ಎಂದಳು. ಅಂದವಳು ಅವನ ಕೈ ಹಿಡಿದುಕೊಂಡು ಜೋರಾಗಿ ಅತ್ತಳು. ಅವನೂ ಅತ್ತ. ರೈತ ಓಡಿ ಬಂದವನು ಬೈಯಲು ಬಾಯಿ ತೆರೆದು, ಇವರನ್ನು ನೋಡಿ, ನೀರು ತರಲು ಹೋದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಮಾರನೆಯ ದಿನ ಗಾಡಿಯನ್ನು ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಗ್ಯಾರೇಜಿಗೆ ಹೋದರು. ಹೆಂಡತಿಯೂ ಜೊತೆಗೆ ಹೋದಳು, ಈ ಸಲ ಪೂರ್ತಿ ಕೇಳಿಸಿಕೊಂಡು ಬರುವವರು ಒಬ್ಬರು ಬೇಕೆಂದು.

ಮೆಕ್ಯಾನಿಕ್ ಚಕ್ರದ ಪಕ್ಕದಲ್ಲಿ ಕೂತು ಪ್ಯಾಡುಗಳನ್ನು ಬಿಚ್ಚಿ ತೆಗೆದ. ಬೆರಳು ಮುಟ್ಟಿಸಿ ನೋಡಿದ, ಮೂಸಿದ. ಅವನ ಮುಖ ಕೆಂಪಾಯಿತು.

“ಇದಕ್ಕೆ ಎಣ್ಣೆ ಹಾಕಿದ ಮಹಾರಾಯ ಯಾರು?” ಎಂದ.

“ನಾನೇ. ಕೂಗ್ತಾ ಇತ್ತು. ಚೈನಿಗೆ ಎಣ್ಣೆ ಹಾಕು ಅಂತ ನೀನೇ ಹೇಳಿದ್ದೆಯಲ್ಲ,” ಎಂದ ವ್ಯಾಪಾರಿ.

“ಚೈನಿಗೆ ಹೇಳಿದೆ ಮಾರಾಯಾ! ಗಾಡಿಯಲ್ಲಿರೋದೆಲ್ಲ ಚೈನಾ? ಅದು ನಿನ್ನ ಮುಂದಕ್ಕೆ ಎಳ್ಕೊಂಡು ಹೋಗುತ್ತೆ, ಅದಕ್ಕೆ ಎಣ್ಣೆ ಬೇಕು. ಇದು ನಿನ್ನ ತಡೆಯುತ್ತೆ. ತಡೆಯೋದು ಒರಟಾಗೇ ಇರಬೇಕು. ನಿನಗೋಸ್ಕರ ಉಜ್ಜಿ ಉಜ್ಜಿ ಸವೆದು, ಇನ್ನು ನನ್ನ ಕೈಲಾಗಲ್ಲ ಅಂತ ನಾಲ್ಕು ದಿನ ಕೂಗಿದೆ. ನೀನು ಅದರ ಬಾಯಿಗೆ ಎಣ್ಣೆ ಬಿಟ್ಟೆ.”

ವ್ಯಾಪಾರಿ ತಲೆ ತಗ್ಗಿಸಿದ. ಎಣ್ಣೆ ಕುಡಿದ ಪ್ಯಾಡು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಮೆಕ್ಯಾನಿಕ್ ಅವನ್ನು ಎಸೆದ. ತಟ್ಟೆಯನ್ನು ಜಿಡ್ಡು ಹೋಗುವವರೆಗೆ ತೊಳೆದು ಒರೆಸಿದ. ಹೊಸ ಪ್ಯಾಡು ಹಾಕಿ, ತಾನೇ ಓಡಿಸಿ ನೋಡಿ, ಆಮೇಲೆ ಕೀ ಕೊಟ್ಟ. ಹೆಂಡತಿ, ಮತ್ತೆ ಯಾವಾಗ ನೋಡಿಸಬೇಕು, ಯಾವುದಕ್ಕೆ ಎಣ್ಣೆ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂದು ಕೇಳಿ ತಿಳಿದುಕೊಂಡಳು.

ಆ ವಾರವೇ ಮತ್ತೊಂದು ಟ್ರೇ ಕಟ್ಟಿಕೊಂಡು ಅದೇ ಗುಡ್ಡ ಹತ್ತಿ ಇಳಿದರು. ತಿರುವಿನಲ್ಲಿ ಗಾಡಿ ನಿಲ್ಲಿಸಿ ರೈತನಿಗೆ ಆರು ಮೊಟ್ಟೆ ಕೊಟ್ಟರು. ಮಗು ನೋಡಿದರು, ಉಂಡರು, ಕತ್ತಲಾಗುವ ಮೊದಲು ಮನೆಗೆ ಬಂದರು. ಈಗಲೂ ಸುಖವಾಗಿದ್ದಾರೆ.

ಗುರುಗಳು ಕತೆ ಮುಗಿಸಿದರು. ಒಳಗೆ ಹಾಲಮ್ಮ, ಊಟಕ್ಕೆ ಎಷ್ಟು ಸಲ ಕರೀಬೇಕು ನಿಮ್ಮನ್ನ ಎಂದು ಯಾರನ್ನೋ ಗದರಿಸುತ್ತಿದ್ದಳು.

ಗುರುಶಾಂತಯ್ಯ ಕೈಮುಗಿದ. “ತಿಳಿಯಿತು ಬುದ್ಧಿ. ನನ್ನದು ತಪ್ಪಾಯಿತು. ತಾವು ಹೇಳಿದ ಹಾಗೇ ಆಗಲಿ, ಹಾಲಮ್ಮ ಇಲ್ಲೇ ಇರಲಿ,” ಎಂದ.

ಗುರುಗಳು ನಕ್ಕು ಅವನ ಹೆಗಲ ಮೇಲೆ ಕೈಯಿಟ್ಟರು. “ಅವಳು ಇರುತ್ತಾಳೆ ಬಿಡಪ್ಪ, ಈ ಹನ್ನೆರಡು ವರ್ಷದಲ್ಲಿ ನೀನು ನನಗೆ ಒಂದೇ ಒಂದು ಸಲ ‘ಬೇಡ ಬುದ್ಧಿ’ ಅಂದದ್ದಿದ್ದರೆ ಹೇಳು, ನಿನ್ನನ್ನೂ ಇಟ್ಟುಕೊಳ್ಳುತ್ತೇನೆ.”